ಘಾಟಿಯಲ್ಲಿ ಗೇರ್ ನನ್ನ ಕೈಯಲ್ಲೇ ಇರಲಿ

ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವ ಚಾರ್ಮಾಡಿ ಘಾಟಿ ನನಗೆ ಮಾಮೂಲಿ ದಾರಿ. ಹೊಸ ಕಾರು ತಗೊಳ್ಳುವಾಗ ಮನೆಯಲ್ಲಿ ಎಲ್ಲರೂ ಆಟೋಮ್ಯಾಟಿಕ್ ಅಂದರು. ನಾನು ಮತ್ತೆ ಗೇರ್ ಗಾಡಿಯನ್ನೇ ತಂದೆ. ಈ ದಾರಿಯಲ್ಲಿ ಓಡಿಸುವ ಖುಷಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಘಾಟಿಯಲ್ಲಿ ತಿರುವಿನ ಒಳಗೆ ಹೋದಮೇಲೆ ಗೇರ್ ಹುಡುಕಬಾರದು. ತಿರುವು ಕಾಣುತ್ತಿದ್ದಂತೆ ಬ್ರೇಕ್ ಹಿಡಿದು ವೇಗ ಇಳಿಸುತ್ತೇನೆ. ಕ್ಲಚ್ ಒತ್ತಿ ಮೂರರಿಂದ ಎರಡಕ್ಕೆ ತರುವಾಗಲೇ ಆಕ್ಸಿಲರೇಟರನ್ನು ಒಂದು ಚೂರು ಒತ್ತುತ್ತೇನೆ. ಇಂಜಿನ್ ಸದ್ದು ಏರುತ್ತದೆ. ಆಗ ಕ್ಲಚ್ ಬಿಟ್ಟರೆ ಜರ್ಕ್ ಇಲ್ಲ, ಹಿಂದೆ ಮಲಗಿದ ಮಗುವಿಗೂ ಗೊತ್ತಾಗುವುದಿಲ್ಲ. ಮೂರರಲ್ಲಿ ಇಂಜಿನ್ 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಇದ್ದರೆ, ಅದೇ ವೇಗಕ್ಕೆ ಎರಡರಲ್ಲಿ ಹೆಚ್ಚುಕಡಿಮೆ 2,800 ಬೇಕು. ಗೇರ್‌ಬಾಕ್ಸ್ ಒಳಗಿನ ಹಲ್ಲುಗಳನ್ನು ಹೊಂದಿಸಲು ಸಿಂಕ್ರೊ ರಿಂಗ್ ಇದೆ, ಆದರೆ ಇಂಜಿನ್ನನ್ನು ಹೊಂದಿಸುವುದು ನಮ್ಮ ಕಾಲು. ಅದು ಸರಿಯಾಗಿ ಕೂತ ಕ್ಷಣ ಇದೆಯಲ್ಲ, ಅದಕ್ಕೇ ನಾನು ಗೇರ್ ಗಾಡಿ ಓಡಿಸುವುದು.

ಇಳಿಯುವಾಗಿನ ಮಾತೇ ಬೇರೆ. ‘ಹತ್ತಿದ ಗೇರಲ್ಲೇ ಇಳಿಬೇಕು’ ಅಂತ ಲಾರಿ ಓಡಿಸುತ್ತಿದ್ದ ನಮ್ಮ ಮಾವ ಹೇಳುತ್ತಿದ್ದರು. ಎರಡರಲ್ಲಿ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕ್ ತಿರುವಿಗೆ ಮಾತ್ರ ಸಾಕು. ಇಡೀ ಘಾಟಿಯನ್ನು ಬ್ರೇಕ್ ಮೇಲೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಕಾಲು ತೆಗೆದರೆ ಇಂಜೆಕ್ಟರ್ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫ್ ಆಗದಿರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಇನ್ನೊಂದು, ಇಳಿಯುವವರು ಹತ್ತುವ ಗಾಡಿಗೆ ದಾರಿ ಬಿಡಬೇಕು. ಅದು ಕಾನೂನು ಕೂಡ.

ಎಲ್ಲರಿಗೂ ಹೆದರಿಕೆ ಇರುವುದು ಏರಿನಲ್ಲಿ ನಿಂತು ಹೊರಡುವಾಗ. ಮುಂದೆ ಕೆಂಪು ಬಸ್ಸು, ಹಿಂದೆ ಬಂಪರಿಗೆ ತಾಗುವಷ್ಟು ಹತ್ತಿರ ಇನ್ನೊಂದು ಕಾರು. ನಾನು ಹ್ಯಾಂಡ್ ಬ್ರೇಕ್ ಎಳೆದು ಒಂದನೇ ಗೇರ್ ಹಾಕುತ್ತೇನೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ಚನ್ನು ನಿಧಾನ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಇಂಜಿನ್ ಸದ್ದು ದಪ್ಪವಾಗುತ್ತದೆ, ಬಾನೆಟ್ ಕೂದಲೆಳೆಯಷ್ಟು ಮೇಲೇಳುತ್ತದೆ. ಅದೇ ಹಾಫ್ ಕ್ಲಚ್. ಪಾದ ಅಲ್ಲೇ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಇಳಿಸಿದರೆ ಗಾಡಿ ಒಂದಿಂಚೂ ಹಿಂದೆ ಜಾರದು. ಆದರೆ ಹಾಫ್ ಕ್ಲಚ್‌ನಲ್ಲೇ ಗಾಡಿಯನ್ನು ತಡೆದು ನಿಲ್ಲಿಸಿಕೊಂಡು ಸುಮ್ನೆ ಕಾಯಬೇಡಿ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರಲು ಜಾಸ್ತಿ ಹೊತ್ತು ಬೇಡ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ಎರಡು ಹೊತ್ತು ಓಡಾಡುವವರಿಗೆ ನಾನು ಗೇರ್ ಗಾಡಿ ತಗೊಳ್ಳಿ ಅನ್ನುವುದಿಲ್ಲ. ಎಡಗಾಲಿಗೂ ಮರ್ಯಾದೆ ಬೇಕಲ್ವಾ! 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ, ಅಂದರೆ ಕ್ಲಚ್ಚು-ಗೇರನ್ನು ಗಾಡಿಯೇ ನೋಡಿಕೊಳ್ಳುವ ಗೇರ್‌ಬಾಕ್ಸ್, ಬಂದಮೇಲೆ ಕಡಿಮೆ ಬೆಲೆಗೂ ಆ ಸುಖ ಸಿಗುತ್ತಿದೆ. ಅದನ್ನು ಘಾಟಿಗೆ ತಂದರೆ ಗೇರ್ ನಾವೇ ಬದಲಿಸುವ ಮ್ಯಾನುಯಲ್ ಮೋಡ್‌ಗೆ ಹಾಕಿಕೊಳ್ಳಿ. ಇಲ್ಲವಾದರೆ ತಿರುವಿನಲ್ಲಿ ಕಾಲು ತೆಗೆದ ತಕ್ಷಣ ಅದು ಮೂರಕ್ಕೆ ಹೋಗಬಹುದು, ನೀವು ಮತ್ತೆ ಒತ್ತಿದಾಗ ಎರಡಕ್ಕೆ ಇಳಿಯಲು ಯೋಚನೆ ಮಾಡುತ್ತದೆ. ಮುಂದಿನ ತಿರುವು ಅದಕ್ಕೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ನನ್ನ ಪಾಲಿಗೆ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲಾ.

ಗಾಡಿ ನೋಡಲು ಹೋದರೆ ಟೆಸ್ಟ್ ಡ್ರೈವನ್ನು ಸಮತಟ್ಟು ರಸ್ತೆಯಲ್ಲಿ ಮುಗಿಸಬೇಡಿ. ಹತ್ತಿರದ ಒಂದು ಏರಿಗೆ ತಗೊಂಡು ಹೋಗಿ, ನಿಲ್ಲಿಸಿ, ಹೊರಡಿಸಿ ನೋಡಿ. ಕ್ಲಚ್ ಎಲ್ಲಿ ಹಿಡಿಯುತ್ತದೆ, ಎರಡನೇ ಗೇರಿನ ಪಿಕಪ್ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.