ಯು-ಡೈಸ್ ತುಂಬುವ ಮೊದಲು ಶಾಲೆ ಸುತ್ತಬೇಕು: ಒಬ್ಬ ಸಿಆರ್‌ಪಿಯ ಅನುಭವ

ನಾನು ಕಲ್ಯಾಣ ಕರ್ನಾಟಕದ ಒಂದು ಕ್ಲಸ್ಟರ್‌ನಲ್ಲಿ ಸಿಆರ್‌ಪಿ. ಆದೇಶದಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತದೆ, ಆದರೆ ಊರಲ್ಲಿ ಎಲ್ಲರೂ ಸಿಆರ್‌ಪಿ ಅಂತಲೇ ಕರೆಯುತ್ತಾರೆ. ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಪ್ರೌಢಶಾಲೆ, ಜೊತೆಗೆ ಒಂದಷ್ಟು ಖಾಸಗಿ ಶಾಲೆಗಳು ನಮ್ಮ ಕ್ಲಸ್ಟರ್‌ಗೆ ಬರುತ್ತವೆ. ಯು-ಡೈಸ್ ಅಂದರೆ ಶಾಲೆಯ ಮಕ್ಕಳು, ಶಿಕ್ಷಕರು, ಕೊಠಡಿ, ಸೌಲಭ್ಯಗಳ ವಿವರವನ್ನು ವರ್ಷಕ್ಕೊಮ್ಮೆ ಸರ್ಕಾರದ ಪೋರ್ಟಲ್‌ಗೆ ತುಂಬುವ ದೇಶವ್ಯಾಪಿ ಲೆಕ್ಕ. ಪ್ರತಿ ವರ್ಷ ಇವೆಲ್ಲದರ ಯು-ಡೈಸ್ ಮಾಹಿತಿ ಸರಿಯಾಗಿ ಹೋಗುವಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಹೊಸದಾಗಿ ಈ ಕೆಲಸಕ್ಕೆ ಬಂದವರು, ಹೊಸದಾಗಿ ಚಾರ್ಜ್ ತಗೊಂಡ ಮುಖ್ಯ ಶಿಕ್ಷಕರು, "ಸರ್, ಇದನ್ನ ಎಲ್ಲಿಂದ ಶುರು ಮಾಡಬೇಕು?" ಅಂತ ಕೇಳುತ್ತಿರುತ್ತಾರೆ. ನಾನು ಮಾಡುವ ಕ್ರಮವನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1990ರ ದಶಕದ ಮಧ್ಯದಲ್ಲಿ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕಾಲದಲ್ಲಿ ಡೈಸ್ ಅಂತ ಶುರುವಾಯಿತು. ಸೆಪ್ಟೆಂಬರ್ 30ಕ್ಕೆ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವುದೇ ಆಗ ಲೆಕ್ಕ. 2012-13ರಲ್ಲಿ ಪ್ರಾಥಮಿಕ, ಪ್ರೌಢ ಎರಡನ್ನೂ ಸೇರಿಸಿ ಯು-ಡೈಸ್ ಆಯಿತು. 2018-19ರಲ್ಲಿ ಯು-ಡೈಸ್ ಪ್ಲಸ್ ಬಂತು. ದೊಡ್ಡ ಬದಲಾವಣೆ ಆಗಿದ್ದು 2022-23ರಲ್ಲಿ. ಅಲ್ಲಿಯವರೆಗೆ ತರಗತಿಗೆ ಇಷ್ಟು ಗಂಡು, ಇಷ್ಟು ಹೆಣ್ಣು ಅಂತ ಮೊತ್ತ ಬರೆದರೆ ಸಾಕಿತ್ತು. ಆಮೇಲೆ ಒಂದೊಂದು ಮಗುವಿನ ಹೆಸರೂ ಬೇರೆ ಬೇರೆಯಾಗಿ ಹೋಗಬೇಕಾಯಿತು, ಪ್ರತಿ ಮಗುವಿಗೂ ಪೆನ್ ಅನ್ನುವ ಕಾಯಂ ಸಂಖ್ಯೆ ಬಂತು. ಒಂದೇ ಮಗು ಎರಡು ಶಾಲೆಯ ದಾಖಲಾತಿಯಲ್ಲಿ ಉಳಿಯುವುದು ಕಷ್ಟವಾಯಿತು. ಇಡೀ ದೇಶದಲ್ಲಿ 2021-22ರಲ್ಲಿ 26.5 ಕೋಟಿ ಇದ್ದ ದಾಖಲಾತಿ ಮರುವರ್ಷ 25.2 ಕೋಟಿಯ ಹತ್ತಿರ ಬಂತು. ಅಷ್ಟೂ ಮಕ್ಕಳು ಶಾಲೆ ಬಿಟ್ಟರು ಅಂತ ಇದರ ಅರ್ಥ ಅಲ್ಲ. ಎಣಿಸುವ ರೀತಿ ಬದಲಾಗಿದೆ, ಹಾಗಾಗಿ ಹಳೆಯ ಅಂಕಿಯ ಪಕ್ಕ ಹೊಸದನ್ನು ನೇರವಾಗಿ ಇಟ್ಟು ಹೋಲಿಸುವಂತಿಲ್ಲ. ಸಭೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ನನ್ನ ಕೆಲಸ ಪೋರ್ಟಲ್ ತೆರೆಯುವ ಮುಂಚೆಯೇ ಶುರುವಾಗುತ್ತದೆ. ಪ್ರತಿ ಶಾಲೆಯ ಹೋದ ವರ್ಷದ ರಿಪೋರ್ಟ್ ಕಾರ್ಡ್ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಶಾಲೆಗೆ ಹೋಗುತ್ತೇನೆ. ಮುಖ್ಯ ಶಿಕ್ಷಕರ ಮುಂದೆ ಅದನ್ನಿಟ್ಟು, "ಮೇಡಂ, ಹೋದ ವರ್ಷ ನಿಮ್ಮ ಶಾಲೆ ಬಗ್ಗೆ ಸರ್ಕಾರಕ್ಕೆ ನಾವು ಹೇಳಿದ್ದು ಇದು. ಇದರಲ್ಲಿ ಈಗ ಯಾವುದು ನಿಜ?" ಅಂತ ಕೇಳುತ್ತೇನೆ. ಈ ಒಂದು ಪ್ರಶ್ನೆಗೆ ಸಿಗುವಷ್ಟು ಮಾಹಿತಿ ಖಾಲಿ ನಮೂನೆ ಕೊಟ್ಟರೆ ಸಿಗುವುದಿಲ್ಲ. ಖಾಲಿ ನಮೂನೆ ಕೊಟ್ಟರೆ ಬಹಳ ಜನ ಹೋದ ವರ್ಷದ್ದನ್ನೇ ನೋಡಿ ಬರೆದು ಕೊಡುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ರಾಜ್ಯದ ಪೋರ್ಟಲ್), ಇನ್ನೊಂದು ಕಡೆ ಪಾಠ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದನ್ನೆಲ್ಲ ಮಾಡುವವರು ಯಾರು ಹೇಳಿ?

ಆಮೇಲೆ ಇಬ್ಬರೂ ಸೇರಿ ಶಾಲೆ ಸುತ್ತುತ್ತೇವೆ. ಕೂತಲ್ಲೇ ಕೇಳಿ ಬರೆಯುವುದಕ್ಕೂ ನೋಡಿ ಬರೆಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಕೊಠಡಿಗಳ ಕಾಲಂ ತಗೊಳ್ಳಿ. ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಅಂತ ಮೂರು ಭಾಗ ಇರುತ್ತದೆ. ಒಂದು ಶಾಲೆಯಲ್ಲಿ ನಾಲ್ಕೂ ಕೊಠಡಿ ಸುಸ್ಥಿತಿ ಅಂತ ಬರೆದಿಟ್ಟಿದ್ದರು. ಗೋಡೆಗೆ ಹೊಸ ಬಣ್ಣ, ಕೆಳಗೆ ಬಳ್ಳಿ ಹೂವಿನ ಚಿತ್ರ, ನೋಡಲು ಚೆನ್ನಾಗಿಯೇ ಇತ್ತು. ಕೊನೆಯ ಕೊಠಡಿಗೆ ಬೀಗ. ಕೀಲಿ ತರಿಸಿ ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ಛಾವಣಿಯ ಸಿಮೆಂಟ್ ಉದುರಿ ಕಬ್ಬಿಣದ ಸರಳು ಕಾಣುತ್ತಿತ್ತು. ಸರಳು ತುಕ್ಕು ಹಿಡಿದು ಸಿಪ್ಪೆ ಏಳುತ್ತಿತ್ತು. ಕೆಳಗೆ ಹಳೆಯ ಡೆಸ್ಕ್‌ಗಳನ್ನು ಪೇರಿಸಿಟ್ಟಿದ್ದರು. ಮೂರು ಮತ್ತು ನಾಲ್ಕನೇ ತರಗತಿಯವರು ವರಾಂಡದಲ್ಲಿ ಕೂತಿದ್ದು ಅದಕ್ಕೇ. ಕಾಗದದ ಮೇಲೆ ಆ ಶಾಲೆಗೆ ಕೊಠಡಿಯ ಕೊರತೆಯೇ ಇರಲಿಲ್ಲ, ಹಾಗಾಗಿ ದುರಸ್ತಿ ಪಟ್ಟಿಗೂ ಹೆಸರು ಬಂದಿರಲಿಲ್ಲ. ಮುಖ್ಯ ಶಿಕ್ಷಕರ ಮನಸ್ಸಿನಲ್ಲಿ ಇದ್ದದ್ದು ಒಂದೇ: ಶಾಲೆ ಚೆನ್ನಾಗಿಲ್ಲ ಅಂತ ಬರೆದರೆ ನಮ್ಮ ಮೇಲೇ ಬರುತ್ತದೆ. ಈ ಭಯವನ್ನು ತೆಗೆಯುವುದೇ ನಮ್ಮ ಕೆಲಸದಲ್ಲಿ ಜಾಸ್ತಿ ಸಮಯ ತಿನ್ನುತ್ತದೆ. "ಸರ್, ದೊಡ್ಡ ದುರಸ್ತಿ ಅಂತ ಬರೆದರೆ ಅದು ನಿಮ್ಮ ತಪ್ಪಲ್ಲ, ನಿಮ್ಮ ಬೇಡಿಕೆ" ಅಂತ ಕೂತು ಹೇಳಬೇಕಾಗುತ್ತದೆ.

ಶೌಚಾಲಯದ್ದೂ ಇದೇ ಕತೆ. ನಮೂನೆ ಒಟ್ಟು ಎಷ್ಟು ಅಂತ ಒಂದು ಕಡೆ, ಬಳಕೆಯಲ್ಲಿರುವುದು ಎಷ್ಟು ಅಂತ ಇನ್ನೊಂದು ಕಡೆ ಕೇಳುತ್ತದೆ. ನಾನು ನಲ್ಲಿ ತಿರುಗಿಸಿ ನೋಡುತ್ತೇನೆ, ಬಾಗಿಲಿನ ಚಿಲಕ ಹಾಕಿ ನೋಡುತ್ತೇನೆ. ಆರು, ಏಳನೇ ತರಗತಿಯ ಹೆಣ್ಣುಮಕ್ಕಳನ್ನು ಅವರ ಶಿಕ್ಷಕಿಯೇ ಕೇಳುವಂತೆ ಹೇಳುತ್ತೇನೆ. ಅವರು ಬಳಸುತ್ತಿಲ್ಲ ಅಂದರೆ ಅದು ಬಳಕೆಯಲ್ಲಿಲ್ಲ. ಬೇರೆ ಅಳತೆ ನನಗೆ ಬೇಡ.

ಮಕ್ಕಳ ಲೆಕ್ಕಕ್ಕೆ ಬಂದರೆ, ದಾಖಲಾತಿ ವಹಿ, ಹಾಜರಿ ಪುಸ್ತಕ, ಸ್ಯಾಟ್ಸ್ ಪಟ್ಟಿ ಮೂರನ್ನೂ ಮೇಜಿನ ಮೇಲೆ ಬಿಚ್ಚಿಡುತ್ತೇನೆ. ಮೂರರಲ್ಲೂ ಒಂದೇ ಸಂಖ್ಯೆ ಬಂದರೆ ಸಂತೋಷ. ಬರದಿದ್ದರೆ ವ್ಯತ್ಯಾಸ ಇರುವ ಹೆಸರುಗಳನ್ನು ಒಂದೊಂದಾಗಿ ಗುರುತಿಸುತ್ತೇವೆ. ಮೊತ್ತ ಸರಿಹೊಂದಿಸಲು ಕೂರಬೇಡಿ, ಹೆಸರು ಹುಡುಕಿ. ಹೆಸರು ಸಿಕ್ಕರೆ ಮೊತ್ತ ತಾನಾಗಿಯೇ ಸರಿಹೋಗುತ್ತದೆ. ಆಮೇಲೆ ಹೋದ ವರ್ಷದ ಒಂದನೇ ತರಗತಿಯನ್ನು ಈ ವರ್ಷದ ಎರಡನೇ ತರಗತಿಯ ಪಕ್ಕ ಇಟ್ಟು ನೋಡುತ್ತೇನೆ. ಹೀಗೆ ಪ್ರತಿ ತರಗತಿಗೂ. ಒಂದೇ ತರಗತಿಯಲ್ಲಿ ಒಮ್ಮೆಲೇ ಜಾಸ್ತಿ ಮಕ್ಕಳು ಕಡಿಮೆಯಾಗಿದ್ದರೆ ಅಲ್ಲಿ ಏನೋ ನಡೆದಿದೆ ಅಂತ ಅರ್ಥ. ಹೊಸ ಖಾಸಗಿ ಶಾಲೆಯ ವ್ಯಾನ್ ಊರಿಗೆ ಬರುತ್ತಿರಬಹುದು, ಇಲ್ಲವೇ ಒಂದು ಓಣಿಯ ಜನ ದುಡಿಯಲು ಹೋಗಿರಬಹುದು.

ಒಂದೇ ಊರಿನಲ್ಲಿ ಕನ್ನಡ ಶಾಲೆ, ಉರ್ದು ಶಾಲೆ, ಹೆಣ್ಣುಮಕ್ಕಳ ಶಾಲೆ ಇದ್ದರೆ ಇನ್ನೊಂದು ಎಚ್ಚರ ಬೇಕು. ಯು-ಡೈಸ್ ಕೋಡ್ 11 ಅಂಕಿಯದ್ದು. ಮೊದಲ ಎರಡು ರಾಜ್ಯದ್ದು, ನಮ್ಮದು 29. ಆಮೇಲೆ ಜಿಲ್ಲೆಗೆ ಎರಡು, ಬ್ಲಾಕಿಗೆ ಎರಡು, ಊರಿಗೆ ಅಥವಾ ವಾರ್ಡಿಗೆ ಮೂರು, ಕೊನೆಯ ಎರಡು ಮಾತ್ರ ಶಾಲೆಯದ್ದು. ಒಂದೇ ಊರಿನ ಶಾಲೆಗಳ ಕೋಡ್ ಕೊನೆಯ ಎರಡು ಅಂಕಿಯಲ್ಲಷ್ಟೇ ಬೇರೆ. ಅವಸರದಲ್ಲಿ ಒಂದರ ಮಾಹಿತಿ ಇನ್ನೊಂದಕ್ಕೆ ಹೋಗುವುದು ಬಹಳ ಸುಲಭ. ಹೆಸರು ಓದಬೇಡಿ, ಕೊನೆಯ ಎರಡು ಅಂಕಿ ಓದಿ.

ಶಿಕ್ಷಕರ ಮಾಹಿತಿಯಲ್ಲಿ ನಾನು ನೋಡುವುದು ಮುಖ್ಯವಾಗಿ ಒಂದನ್ನೇ: ನಿಯೋಜನೆ. ಸಂಬಳ ಇಲ್ಲಿ, ಪಾಠ ಇನ್ನೆಲ್ಲೋ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು ಬೇಕು. ಪಟ್ಟಿಯಲ್ಲಿ ಮೂವರಿದ್ದು ಒಬ್ಬರು ನಿಯೋಜನೆ ಮೇಲೆ ಹೋಗಿದ್ದರೆ ಕಾಗದದಲ್ಲಿ ಶಾಲೆ ತುಂಬಿದೆ, ತರಗತಿಯಲ್ಲಿ ಶಿಕ್ಷಕರಿಲ್ಲ. ಅತಿಥಿ ಶಿಕ್ಷಕರನ್ನು ಹಂಚುವಾಗ ಇಂಥ ಶಾಲೆಯೇ ಬಿಟ್ಟುಹೋಗುತ್ತದೆ. ಅದಕ್ಕೆ ಆ ದಿನ ಶಾಲೆಯಲ್ಲಿ ನಿಂತು ಪಾಠ ಮಾಡುತ್ತಿರುವವರ ಪಟ್ಟಿಯನ್ನು ಬೇರೆ ಬರೆದುಕೊಳ್ಳುತ್ತೇನೆ.

ವಿಶೇಷ ಅಗತ್ಯವುಳ್ಳ ಮಕ್ಕಳ ಕಾಲಂ ಬಗ್ಗೆ ನನಗೆ ಬಹಳ ಕಾಳಜಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆದರೂ ಶಾಲೆ ಮೇಲೆ ಶಾಲೆ ಸೊನ್ನೆ ಬರೆದಿರುತ್ತದೆ. ಮುಖ್ಯ ಶಿಕ್ಷಕರನ್ನು ಕೇಳಿದರೆ "ಅಂಥವರು ಯಾರೂ ಇಲ್ಲ ಸರ್" ಅನ್ನುತ್ತಾರೆ. ನಾನು ತರಗತಿ ಶಿಕ್ಷಕರನ್ನು ಬೇರೆ ರೀತಿ ಕೇಳುತ್ತೇನೆ. ಬೋರ್ಡ್ ಕಾಣಲ್ಲ ಅಂತ ಎದ್ದು ಮುಂದೆ ಬರುವವರು ಯಾರಾದರೂ ಇದ್ದಾರಾ? ಎರಡೆರಡು ಸಲ ಕರೆದರೂ ತಿರುಗದವರು? ನಡೆಯಲು ಕಷ್ಟ ಆಗುವವರು? ಹೀಗೆ ಕೇಳಿದಾಗ ಒಬ್ಬ ಮೇಡಂ ತಕ್ಷಣ, "ಹೌದು ಸರ್, ಒಂದು ಹುಡುಗಿ ನನ್ನ ತುಟಿ ನೋಡಿಕೊಂಡೇ ಬರೆಯುತ್ತಾಳೆ. ನಾನು ತಿರುಗಿ ಬೋರ್ಡ್ ಮೇಲೆ ಬರೆಯುತ್ತಾ ಮಾತಾಡಿದರೆ ಅವಳಿಗೆ ಏನೂ ಗೊತ್ತಾಗಲ್ಲ" ಅಂದರು. ಅವರಿಗೆ ಆ ಮಗು ಚೆನ್ನಾಗಿ ಗೊತ್ತಿತ್ತು, ಆದರೆ ನಮೂನೆಯ ಆ ಕಾಲಂ ಈ ಹುಡುಗಿಗಾಗಿಯೇ ಇರುವುದು ಅಂತ ಯಾರೂ ಹೇಳಿರಲಿಲ್ಲ. ನಾವು ಬಿಐಇಆರ್‌ಟಿ (ಇಂಥ ಮಕ್ಕಳಿಗಾಗಿ ಬ್ಲಾಕ್‌ನಲ್ಲಿರುವ ಸಂಪನ್ಮೂಲ ಶಿಕ್ಷಕರು) ಅವರಿಗೆ ಹೇಳಿ ತಪಾಸಣಾ ಶಿಬಿರಕ್ಕೆ ಹೆಸರು ಕೊಟ್ಟೆವು. ಸೊನ್ನೆ ಬರೆದಿದ್ದರೆ ಶಿಬಿರದ ಪಟ್ಟಿಯಲ್ಲಿ ಆ ಶಾಲೆಯೇ ಇರುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಈ ಅಂಕಿಗಳ ಮೇಲೆಯೇ ಮುಂದಿನ ಲೆಕ್ಕ ನಿಲ್ಲುತ್ತದೆ. ಶಾಲೆಗಳಿಗೆ ಅನುದಾನ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಕ್ರಿಯಾಯೋಜನೆ ಮತ್ತು ಬಜೆಟ್ ಇದರಿಂದಲೇ ತಯಾರಾಗುತ್ತದೆ. ಸಮಗ್ರ ಶಿಕ್ಷಣದ ಮಾನದಂಡದ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000 ಶಾಲಾ ಅನುದಾನ. ನಮ್ಮ ಸಣ್ಣ ಶಾಲೆಗಳಲ್ಲಿ ಇಬ್ಬರು ಮಕ್ಕಳ ಹೆಸರು ಪಕ್ಕದ ಶಾಲೆಯಿಂದ ವರ್ಗಾವಣೆ ಆಗದೇ ಉಳಿದರೆ ಶಾಲೆ 31ರಿಂದ 29ಕ್ಕೆ ಇಳಿಯುತ್ತದೆ. ಸೀಮೆಸುಣ್ಣ, ಕರೆಂಟ್ ಬಿಲ್, ಸಣ್ಣಪುಟ್ಟ ರಿಪೇರಿ ಎಲ್ಲಕ್ಕೂ ಅದೇ ದುಡ್ಡು. ಇದನ್ನು ನಾನು ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೇ ಹೇಳುತ್ತೇನೆ. ಯಾವ ಕಾಲಂನಿಂದ ಶಾಲೆಗೆ ಏನು ಬಂತು ಅಂತ ತೋರಿಸಿದ ಮೇಲೆ ಪಾಲಕರೇ ಮುಖ್ಯ ಶಿಕ್ಷಕರನ್ನು "ಈ ಸಲ ಯು-ಡೈಸ್‌ನಲ್ಲಿ ನಮ್ಮ ಕಾಂಪೌಂಡ್ ಬಗ್ಗೆ ಬರೆದಿರಾ?" ಅಂತ ಕೇಳತೊಡಗಿದ್ದಾರೆ. ನನ್ನ ಮಟ್ಟಿಗೆ ಮಾಹಿತಿಯ ಗುಣಮಟ್ಟ ಸುಧಾರಿಸಿದ್ದು ಇದರಿಂದಲೇ. ಮೇಲಿನಿಂದ ಎಷ್ಟು ಸುತ್ತೋಲೆ ಬಂದರೂ ಆಗದ್ದು, ಕೊಟ್ಟ ಮಾಹಿತಿ ಶಾಲೆಗೆ ವಾಪಸ್ ಹೋದಾಗ ಆಗುತ್ತದೆ.

ಇನ್ನು ಪ್ರದೇಶದ ಯೋಜನೆ. ಒಂದು ಶಾಲೆಯ ಅಂಕಿ ಆ ಶಾಲೆಗೆ ಉಪಯೋಗ. ಆದರೆ ಕ್ಲಸ್ಟರ್‌ನ ಎಲ್ಲ ಶಾಲೆಗಳ ಹಾಳೆಗಳನ್ನು ಒಟ್ಟಿಗೆ ಇಟ್ಟಾಗ ಬೇರೆಯೇ ಚಿತ್ರ ಕಾಣುತ್ತದೆ. ನಮ್ಮ ಕಡೆ ಬಹಳ ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತವೆ. ಎಂಟನೇ ತರಗತಿಗೆ ಬೇರೆ ಊರಿಗೆ ಹೋಗಬೇಕು. ನಾನು ಊರುವಾರು ಪಟ್ಟಿ ಮಾಡುತ್ತೇನೆ: ಏಳನೇ ತರಗತಿ ಮುಗಿಸಿದ ಹುಡುಗಿಯರು ಎಷ್ಟು, ಅವರಲ್ಲಿ ಎಂಟನೇ ತರಗತಿಗೆ ಎಲ್ಲಾದರೂ ಸೇರಿದವರು ಎಷ್ಟು. ಹುಡುಗರ ಸಾಲು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹುಡುಗಿಯರದ್ದು ಕೆಲವು ಊರಿನಲ್ಲಿ ಮಾತ್ರ ಕುಸಿಯುತ್ತದೆ. ಆ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಬೆಳಗಿನ ಬಸ್ ಇಲ್ಲದ ಊರುಗಳೇ ಹೆಚ್ಚು ಸಿಕ್ಕವು. ಪ್ರೌಢಶಾಲೆ 5 ಕಿಲೋಮೀಟರ್ ಒಳಗೇ ಇದೆ, ಆದ್ದರಿಂದ ಮಾನದಂಡದ ಪ್ರಕಾರ ಆ ಊರಿಗೆ ಹೊಸ ಶಾಲೆಯ ಅಗತ್ಯ ಇಲ್ಲ. ಬೇಕಾಗಿರುವುದು ಬಸ್ಸು, ಇಲ್ಲವೇ ಏಳರ ಶಾಲೆಗೆ ಎಂಟನೇ ತರಗತಿ. ತಾಲ್ಲೂಕಿನ ಸರಾಸರಿಯಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಹಾಗಾಗಿ ಬ್ಲಾಕ್ ಮಟ್ಟದ ಸಭೆಗೆ ನಾನು ಶೇಕಡಾವಾರು ಹಾಳೆಯ ಜೊತೆ ಊರುಗಳ ಹೆಸರಿನ ಪಟ್ಟಿಯನ್ನೂ ಕೊಡುತ್ತೇನೆ.

ಶೇಕಡಾವಾರು ಲೆಕ್ಕಗಳಲ್ಲಿ ಒಟ್ಟು ದಾಖಲಾತಿ ಅನುಪಾತವನ್ನು ಸ್ವಲ್ಪ ಹುಷಾರಾಗಿ ನೋಡಿ. ಶಾಲೆಗೆ ಸೇರಿದ ಮಕ್ಕಳನ್ನು ಆ ವಯಸ್ಸಿನ ಜನಸಂಖ್ಯೆಯಿಂದ ಭಾಗಿಸಿ ಇದನ್ನು ಲೆಕ್ಕ ಹಾಕುತ್ತಾರೆ. ಮೇಲಿನ ಸಂಖ್ಯೆ ಈ ವರ್ಷದ್ದು, ಕೆಳಗಿನ ಜನಸಂಖ್ಯೆ 2011ರ ಜನಗಣತಿಯಿಂದ ಅಂದಾಜು ಮಾಡಿದ್ದು. ಜಿಲ್ಲೆಗೆ, ರಾಜ್ಯಕ್ಕೆ ಅದು ನಡೆಯುತ್ತದೆ. ಜನ ಬಂದು ಹೋಗುವ ಸಣ್ಣ ಪ್ರದೇಶಕ್ಕೆ ಅದನ್ನೇ ನಂಬಿ ನಿರ್ಧಾರ ಮಾಡುವುದು ಸರಿಯಲ್ಲ.

ಜನ ಬಂದು ಹೋಗುವುದು ಅಂದರೆ ನಮ್ಮಲ್ಲಿ ಗುಳೆ. ಸುಗ್ಗಿ ಕೈಕೊಟ್ಟ ವರ್ಷ ದೀಪಾವಳಿ ಹೊತ್ತಿಗೆ ತಾಂಡಾಗಳು, ಕೆಲವು ಓಣಿಗಳು ಖಾಲಿಯಾಗುತ್ತವೆ. ಬೆಂಗಳೂರು, ಗೋವಾ, ಮುಂಬೈ, ಕಬ್ಬಿನ ಗದ್ದೆ, ಇಟ್ಟಿಗೆ ಭಟ್ಟಿ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಶಾಲೆ ಬಿಟ್ಟು ಹೋದ ಮಗುವಿನ ಹೆಸರನ್ನು ಪೋರ್ಟಲ್‌ನಲ್ಲಿ ಡ್ರಾಪ್ ಬಾಕ್ಸ್‌ಗೆ ಹಾಕಬೇಕು. ಹೋದ ಊರಿನ ಶಾಲೆಯವರು ಪೆನ್ ನಂಬರ್ ಹಾಕಿ ಅಲ್ಲಿಂದ ತಗೊಳ್ಳಬೇಕು. ತಗೊಳ್ಳದಿದ್ದರೆ ಮಗು ಬೇರೆ ಊರಲ್ಲಿ ದಿನಾ ಶಾಲೆಗೆ ಹೋಗುತ್ತಿದ್ದರೂ ನಮ್ಮ ಲೆಕ್ಕದಲ್ಲಿ ಶಾಲೆ ಬಿಟ್ಟ ಮಗುವೇ. ಹಾಗಾಗಿ ಹೆಸರು ಹಾಕಿ ಕೈತೊಳೆದುಕೊಳ್ಳದೆ, ಡ್ರಾಪ್ ಬಾಕ್ಸ್‌ನಲ್ಲಿರುವ ಪ್ರತಿ ಮಗುವಿನ ಪಾಲಕರಿಗೂ ಫೋನ್ ಮಾಡಿಸುತ್ತೇನೆ. ಫೋನ್ ಹತ್ತದಿದ್ದರೆ ಊರಲ್ಲೇ ಉಳಿದ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿದರೆ ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ. ಅಲ್ಲಿನ ಶಾಲೆಯ ನಂಬರ್ ಸಿಕ್ಕರೆ ನಾನೇ ಆ ಮುಖ್ಯ ಶಿಕ್ಷಕರಿಗೆ ಪೆನ್ ಕಳಿಸುತ್ತೇನೆ. ಬೇರೆ ರಾಜ್ಯದವರೂ ಮಾತು ಕೇಳಿ ಮಗುವನ್ನು ಸೇರಿಸಿಕೊಂಡಿದ್ದಾರೆ.

ಆದರೆ ಯಾವ ಶಾಲೆಗೂ ಹೋಗದೆ ಭಟ್ಟಿಯಲ್ಲೇ ಇರುವ ಮಕ್ಕಳೂ ಇದ್ದಾರೆ. ವರ್ಷಕ್ಕೊಮ್ಮೆ ಎಣಿಸುವ ಲೆಕ್ಕದಲ್ಲಿ ಇವರು ಜೂನ್‌ನಲ್ಲಿ ಇರುತ್ತಾರೆ, ಜನವರಿಯಲ್ಲಿ ಇರುವುದಿಲ್ಲ, ಮುಂದಿನ ಜೂನ್‌ಗೆ ಮತ್ತೆ ಇರುತ್ತಾರೆ. ಅಂಕಿಯಲ್ಲಿ ಏನೂ ಆಗಿಲ್ಲ ಅನಿಸುತ್ತದೆ. ಮಗು ಮಾತ್ರ ಅರ್ಧ ವರ್ಷದ ಪಾಠ ಕಳೆದುಕೊಂಡಿರುತ್ತದೆ. ಇದಕ್ಕಾಗಿ ನಮ್ಮ ಕ್ಲಸ್ಟರ್‌ನಲ್ಲಿ ಯು-ಡೈಸ್ ಹೊರತಾಗಿ ಒಂದು ವಹಿ ಇಟ್ಟಿದ್ದೇವೆ. ಮಗುವಿನ ಹೆಸರು, ಹೋದ ತಿಂಗಳು, ಬಂದ ತಿಂಗಳು, ಎಲ್ಲಿಗೆ, ಊರಲ್ಲಿ ನೋಡಿಕೊಳ್ಳುವವರು ಇದ್ದಾರಾ ಇಲ್ಲವಾ. ಇಷ್ಟೇ ಕಾಲಂ. ಸಮಗ್ರ ಶಿಕ್ಷಣದಲ್ಲಿ ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶ ಇದೆ. ಅದನ್ನು ಕೇಳಲು ಯಾವ ಊರಿನಿಂದ, ಯಾವ ತಿಂಗಳು, ಎಷ್ಟು ಮಕ್ಕಳು ಅಂತ ಹೇಳಲೇಬೇಕು. ಈ ವಹಿಯ ಪ್ರತಿಯನ್ನು ಕ್ರಿಯಾಯೋಜನೆ ತಯಾರಾಗುವ ಮುಂಚೆಯೇ ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ಕೊಡುತ್ತೇನೆ. ಪಕ್ಕದ ಕ್ಲಸ್ಟರ್‌ನವರೂ ಈಗ ಇದೇ ಕಾಲಂಗಳನ್ನು ತಗೊಂಡು ಬರೆಯಲು ಶುರು ಮಾಡಿದ್ದಾರೆ. ಬೇಕಾದವರು ಹಾಗೇ ಬಳಸಿಕೊಳ್ಳಿ, ನಿಮ್ಮ ಕಡೆಗೆ ಬೇಕಾದ ಕಾಲಂ ಸೇರಿಸಿಕೊಳ್ಳಿ.