ಪಿನಿಯನ್ ಸೀಲ್ ಬದಲಾಯಿಸುವುದು: ಸೀಲ್ ಸುಲಭ, ನಟ್ಟೇ ಕಷ್ಟ

ಜೀಪ್ ನಿಲ್ಲಿಸಿದ ಕಡೆ, ಹಿಂದಿನ ಆಕ್ಸಲ್ ನಡುಭಾಗದ ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯಾ? ಬೆರಳಿಗೆ ಹಚ್ಚಿ ಮೂಸಿ ನೋಡಿ. ಗಂಧಕದ ಗಬ್ಬು ವಾಸನೆ ಬಂದರೆ ಅದು ಗೇರ್ ಆಯಿಲ್. ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್ ನಡುವಿನ ಗೇರ್ ಡಬ್ಬಿಗೆ (ಡಿಫರೆನ್ಷಿಯಲ್) ಸೇರುವ ಜಾಗದಲ್ಲಿ ಸುತ್ತ ಒದ್ದೆಯಾಗಿದ್ದು, ಮೇಲೆ ಬಾಡಿ ತಳಕ್ಕೂ ಗೆರೆ ಎಳೆದ ಹಾಗೆ ಎಣ್ಣೆ ಚಿಮ್ಮಿದ್ದರೆ ಪಿನಿಯನ್ ಸೀಲ್, ಅಂದರೆ ಡಿಫರೆನ್ಷಿಯಲ್ ಒಳಗೆ ಹೋಗುವ ಪಿನಿಯನ್ ಗೇರ್‌ನ ದಂಡದ ಸುತ್ತ ಎಣ್ಣೆ ತಡೆಯುವ ಬಳೆ, ಹೋಗಿದೆ.

ಸೀಲ್ ಯಾಕೆ ಹೋಯಿತು ಅಂತ ಮೊದಲು ನೋಡಿ. ಮಂಡ್ಯ ಕಡೆ ಕಬ್ಬಿನ ಗದ್ದೆ, ನಾಲೆ ಏರಿ ಅಂತ ಓಡಾಡುವ ಗಾಡಿಗಳಲ್ಲಿ ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಆಡುವ ಸಣ್ಣ ಕಿಂಡಿ) ಕೆಸರಿನಿಂದ ಕಟ್ಟಿಕೊಳ್ಳುವುದು ಮಾಮೂಲು. ಆಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದರೆ ಹೊರಗೆ ಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲ್ ಕಡೆಯಿಂದ ತಳ್ಳುತ್ತದೆ. ಬಿಸಿ ಆಕ್ಸಲ್ ಹಾಗೇ ನೀರಿಗೆ ಇಳಿದರೆ ಉಲ್ಟಾ, ಗಾಳಿ ಕುಗ್ಗಿ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ, ಪೂರ್ತಿ ಬದಲಾಯಿಸಲೇಬೇಕು.

ಸೀಲ್ ಮಂಡ್ಯದಲ್ಲಿ ಸಿಗದೆ ಮೈಸೂರಿಂದ ತರಿಸುವುದಾದರೆ ಬಿಚ್ಚುವ ಮೊದಲೇ ತರಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಗಾಡಿ ಸುಮ್ನೆ ಸ್ಟ್ಯಾಂಡ್ ಮೇಲೆ ಕೂತಿರುತ್ತದೆ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ, ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಎಣ್ಣೆ ಇಳಿಸುವುದಾದರೆ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬರದೇ ಇದ್ದರೆ, ಎಣ್ಣೆ ಇಳಿಸಿದ ಮೇಲೆ ವಾಪಸ್ ತುಂಬುವುದು ಹೇಗೆ? ಆಮೇಲೆ ಶಾಫ್ಟ್‌ಗೂ, ಅದು ಬೋಲ್ಟ್ ಆಗುವ ಪಿನಿಯನ್ ತುದಿಯ ತಟ್ಟೆಗೂ (ಫ್ಲಾಂಜ್) ಸೇರಿಸಿ ಗುರುತು ಹಾಕಿ, ಬೋಲ್ಟ್ ಬಿಚ್ಚಿ, ಶಾಫ್ಟನ್ನು ಪಕ್ಕಕ್ಕೆ ಕಟ್ಟಿಬಿಡಿ. ಫ್ಲಾಂಜ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಲೂಸ್ ಇದ್ದರೆ ಬೇರಿಂಗೇ ಹೋಗಿದೆ, ಹೊಸ ಸೀಲ್ ಹಾಕಿದರೂ ಸೋರುತ್ತದೆ.

ಈಗ ಅಸಲಿ ಕೆಲಸ. ಪಿನಿಯನ್ ನಟ್ ಬಿಗಿಯೇ ಬೇರಿಂಗ್ ಮೇಲಿನ ಒತ್ತಡವನ್ನು, ಅಂದರೆ ಪ್ರೀಲೋಡನ್ನು, ಹಿಡಿದಿಟ್ಟಿರುತ್ತದೆ. ಹಾಗಾಗಿ ನಟ್ ಮುಟ್ಟುವ ಮೊದಲು ಹಿಂದಿನ ಚಕ್ರ, ಡ್ರಮ್ ಎರಡೂ ತೆಗೆದು, ಸಣ್ಣ ಟಾರ್ಕ್ ವ್ರೆಂಚಿನಿಂದ ಪಿನಿಯನ್ ತಿರುಗಿಸಿ, ಎಷ್ಟು ಬಲಕ್ಕೆ ಸರಾಗವಾಗಿ ಸುತ್ತುತ್ತದೆ ಅಂತ ಬರೆದಿಡಿ. ನಟ್, ಪಿನಿಯನ್ ತುದಿ, ಫ್ಲಾಂಜ್ ಮೂರಕ್ಕೂ ಪಂಚ್‌ನಲ್ಲಿ ಚುಕ್ಕೆ ಹೊಡೆಯಿರಿ, ನಟ್ ಹೊರಗೆ ಕಾಣುವ ಥ್ರೆಡ್ ಸುತ್ತುಗಳನ್ನೂ ಎಣಿಸಿ. ನಂತರ ಫ್ಲಾಂಜ್‌ಗೆ ಉದ್ದನೆ ಪಟ್ಟಿ ಬಿಗಿದು ತಿರುಗದಂತೆ ಹಿಡಿದು ನಟ್ ಬಿಚ್ಚಿ, ಪುಲ್ಲರ್‌ನಿಂದ ಫ್ಲಾಂಜ್ ಎಳೆಯಿರಿ. ಸುತ್ತಿಗೆ ಏಟು ಬೇಡ.

ಹಳೇ ಸೀಲನ್ನು ಮೀಟಿ ತೆಗೆಯುವಾಗ ಹೌಸಿಂಗ್‌ಗೆ ಗೀರು ಬೀಳದಿರಲಿ. ಫ್ಲಾಂಜ್ ಮೇಲೆ ಸೀಲ್ ಕೂರುವ ಜಾಗಕ್ಕೆ ಉಗುರು ಹಾಯಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಬಿದ್ದಿದ್ದರೆ ಹೊಸ ಫ್ಲಾಂಜ್ ಹಾಕಿ, ಇಲ್ಲವೇ ತಗ್ಗು ಮುಚ್ಚುವ ತೆಳು ಸ್ಲೀವ್ ಕೂರಿಸಿ. ಹೊಸ ಸೀಲ್ ತುಟಿಗೆ ಗ್ರೀಸ್ ಸವರಿ, ಅಳತೆಗೆ ಸರಿಹೋಗುವ ಪೈಪ್ ತುಂಡು ಇಟ್ಟು, ಸುತ್ತಲೂ ಸಮವಾಗಿ ಬಡಿದು ಕೂರಿಸಿ.

ಹಳೇ ನಟ್ಟನ್ನೇ ಹಾಕುವುದಾದರೆ ಚುಕ್ಕೆಗೆ ಚುಕ್ಕೆ ಸೇರಿಸಿ. ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿದು ಪ್ರತಿ ಸಲ ಪ್ರೀಲೋಡ್ ಅಳೆಯಿರಿ, ಬರೆದಿಟ್ಟದ್ದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಬಂದರೆ ಸಾಕು. ಹೊಸ ನಟ್ ಆದರೆ ಚುಕ್ಕೆ ಕೆಲಸಕ್ಕೆ ಬಾರದು, ಅಳತೆಯೇ ಗತಿ. ಒಳಗೆ ಕ್ರಷ್ ಸ್ಲೀವ್ (ನಟ್ ಬಿಗಿದಂತೆ ಕುಗ್ಗಿ ಪ್ರೀಲೋಡ್ ಹೊಂದಿಸುವ ಲೋಹದ ಬಳೆ) ಇರುವ ಆಕ್ಸಲ್‌ನಲ್ಲಿ ಬಿಗಿ ಅತಿಯಾದರೆ ಸ್ಲೀವ್ ಬೇಕಾದ್ದಕ್ಕಿಂತ ಜಾಸ್ತಿ ಜಜ್ಜಿಹೋಗುತ್ತದೆ. ನಟ್ ಹಿಂದಕ್ಕೆ ತಿರುಗಿಸಿದರೆ ಅದು ಸರಿಹೋಗುವುದಿಲ್ಲ, ಸ್ಲೀವೇ ಹೊಸದು ಹಾಕಬೇಕು. ಹಳೆಯ ಡಾನಾ 44 ಮಾದರಿಯ ಆಕ್ಸಲ್‌ನಲ್ಲಿ ಸ್ಲೀವ್ ಬದಲು ಶಿಮ್ (ತೆಳು ಲೋಹದ ಬಿಲ್ಲೆ) ಇರುವುದರಿಂದ ಈ ತಲೆನೋವು ಕಡಿಮೆ. ಅಲ್ಲಿ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿದರಾಯಿತು.

ಮ್ಯಾನುಯಲ್ ಹೇಳಿದ ಗ್ರೇಡಿನ ಎಣ್ಣೆಯನ್ನು, ಸಾಮಾನ್ಯವಾಗಿ 80ಡಬ್ಲ್ಯೂ-90 ಜಿಎಲ್-5, ಗಾಡಿ ಸಮತಟ್ಟಾಗಿ ನಿಂತಾಗ ತುಂಬುವ ತೂತಿನಿಂದ ಹೊರಗೆ ಜಿನುಗುವವರೆಗೆ ಹಾಕಿ. ಬ್ರೀದರ್ ಬಿಚ್ಚಿ ತೊಳೆದು, ಸಾಧ್ಯವಾದರೆ ಅದಕ್ಕೊಂದು ಪೈಪ್ ಹಾಕಿ ಬಾಡಿ ಎತ್ತರಕ್ಕೆ ಏರಿಸಿ. ಆಮೇಲೆ ಚಾಮುಂಡಿ ಬೆಟ್ಟ ಹತ್ತಿ ಇಳಿದು, ಕೆಳಗೆ ಟಾರ್ಚ್ ಬಿಟ್ಟು ನೋಡಿ. ಎಣ್ಣೆ ಜಿನುಗದಿದ್ದರೂ ಪಿನಿಯನ್ ಮೂತಿ ಮಾತ್ರ ವಿಪರೀತ ಬಿಸಿಯಾಗಿದ್ದರೆ, ಇಲ್ಲವೇ ದಾರಿಯಲ್ಲಿ ಗುಂಯ್ ಅನ್ನುವ ಹೊಸ ಸದ್ದು ಶುರುವಾಗಿದ್ದರೆ, ಪ್ರೀಲೋಡ್ ತಪ್ಪಿರುವ ಸಾಧ್ಯತೆ ಜಾಸ್ತಿ. ಗಾಡಿ ನಿಲ್ಲಿಸಿ, ಮತ್ತೆ ಅಳೆಯುವವರೆಗೂ ಓಡಿಸಬೇಡಿ.