ಲೈಪೇಸ್‌ನ ಲೂಪಿನಲ್ಲಿ ಪ್ರೋಲೀನ್: ನನ್ನ ಅನುಭವ

ಪ್ರೋಲೀನ್ ಎಂದರೆ ರಚನೆಯನ್ನು ಮುರಿಯುವ ಅಮೈನೋ ಆಮ್ಲ ಎಂಬ ನಂಬಿಕೆ ನಮ್ಮ ವಲಯದಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ಸೇರಿಸಿಯೇ ನಮ್ಮ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಲೈಪೇಸನ್ನು (ಕೊಬ್ಬನ್ನು ಒಡೆಯುವ ಕಿಣ್ವವನ್ನು) ಬಿಸಿಗೆ ನಿಲ್ಲಿಸುತ್ತೇನೆ ಎಂದಾಗ ಪ್ರಯೋಗಾಲಯದ ಹಿರಿಯರೇ ಬೇಡವೆಂದರು. ಇಂದು ಅದರ ಟಿಎಂ, ಅಂದರೆ ಪ್ರೋಟೀನಿನ ಅರ್ಧ ಪಾಲು ಬಿಚ್ಚಿಕೊಳ್ಳುವ ತಾಪಮಾನ, ಸುಮಾರು 52 ಡಿಗ್ರಿಯಿಂದ 60ರ ಆಸುಪಾಸಿಗೆ ಏರಿದೆ.

ಹಣ ಮೊದಲು ಕರಗಿದ್ದು ಡೈಸಲ್ಫೈಡ್ ಸೇತುವೆಗಳಲ್ಲಿ, ಅಂದರೆ ಎರಡು ಸಿಸ್ಟೀನ್‌ಗಳನ್ನು ಬೆಸೆಯುವ ಗಂಧಕದ ಬಂಧಗಳಲ್ಲಿ. ಪ್ರೈಮರ್, ಸೀಕ್ವೆನ್ಸಿಂಗ್, ಕಾಲಮ್ ಎಂದು ಒಂದೂವರೆ ಲಕ್ಷ ರೂಪಾಯಿಯಷ್ಟು ಖರ್ಚಾದರೂ ಕೈಗೆ ಬಂದದ್ದು ಬಹುಪಾಲು ಇನ್‌ಕ್ಲೂಷನ್ ಬಾಡಿ (ಕೋಶದೊಳಗೆ ಕರಗದೆ ಗಡ್ಡೆಗಟ್ಟಿದ ಪ್ರೋಟೀನು). ಹೆಲಿಕ್ಸ್‌ಗಳ (ಸುರುಳಿ ಭಾಗಗಳ) ಗ್ಲೈಸೀನನ್ನು ಅಲನೀನ್‌ಗೆ ಬದಲಿಸಿದಾಗ ಒಂದು ಡಿಗ್ರಿ ಸಿಕ್ಕಿತು. ಬೀಟಾ ಎಳೆಗಳ (ಚಾಚಿಕೊಂಡ ಭಾಗಗಳ) ಹೊರಮೈಗೆ ವ್ಯಾಲೀನ್, ಐಸೋಲ್ಯೂಸೀನ್ ಹಾಕಿದ ಪ್ರೋಟೀನು ಸಿಡಿಯಲ್ಲಿ (ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕಿನಿಂದ ರಚನೆಯನ್ನು ನೋಡುವ ವಿಧಾನದಲ್ಲಿ) ಚೆನ್ನಾಗಿಯೇ ಕಂಡಿತು, ಆದರೆ ರಾತ್ರಿ ಕಳೆಯುವಷ್ಟರಲ್ಲಿ ಟ್ಯೂಬಿನ ತಳದಲ್ಲಿ ಬಿಳಿಯ ಗಷ್ಟಾಗಿ ಕೂತಿತ್ತು.

1987ರಲ್ಲಿ ಮ್ಯಾಥ್ಯೂಸ್ ತಂಡವು ಟಿ4 ಲೈಸೋಜೈಮ್ ಎಂಬ ವೈರಸ್ ಕಿಣ್ವದ 82ನೆಯ ಅಲನೀನನ್ನು ಪ್ರೋಲೀನ್ ಮಾಡಿ ಸ್ಥಿರತೆ ಹೆಚ್ಚಿಸಿದ್ದನ್ನು ಓದಿದ ಮೇಲೆಯೇ ನನ್ನ ಹುಡುಕಾಟಕ್ಕೆ ದಾರಿ ಸಿಕ್ಕಿತು. ಪ್ರೋಟೀನು ಸರಪಳಿಯ ತಿರುಚು ಕೋನಗಳನ್ನು ತೋರಿಸುವ ರಾಮಚಂದ್ರನ್ ನಕ್ಷೆಯಲ್ಲಿ ಫೈ ಕೋನ ಮೊದಲೇ ಮೈನಸ್ 65ರ ಹತ್ತಿರವಿರುವ, ಸರಪಳಿಯ ಎನ್‌ಎಚ್ ಗುಂಪು ಯಾವುದಕ್ಕೂ ಹೈಡ್ರೋಜನ್ ಬಂಧ ನೀಡದ, ಹಿಂದಿನ ರೆಸಿಡ್ಯೂ (ಸರಪಳಿಯ ಅಮೈನೋ ಆಮ್ಲ) ನಕ್ಷೆಯ ಆಲ್ಫಾ ವಲಯದಲ್ಲಿಲ್ಲದ ಸ್ಥಾನಗಳನ್ನಷ್ಟೇ ಆರಿಸಿದೆ. ಅಂಥವು ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಸಕ್ರಿಯ ತಾಣದ ಸುತ್ತಲಿನ ಲೂಪುಗಳನ್ನು (ಹೆಲಿಕ್ಸ್, ಎಳೆಗಳನ್ನು ಜೋಡಿಸುವ ಬಾಗುಗಳನ್ನು) ಮುಟ್ಟಲಿಲ್ಲ, ಅವು ಬಾಗಲೇಬೇಕು. ಹೋಲಿಕೆಗಾಗಿ ಹೆಲಿಕ್ಸ್‌ನ ನಡುವೆ ಒಂದು ಪ್ರೋಲೀನ್ ಇಟ್ಟು ನೋಡಿದಾಗ ಕರಗುವ ಪ್ರೋಟೀನು ಸಿಗಲೇ ಇಲ್ಲ. ಹಿರಿಯರ ಮಾತು ಅಲ್ಲಿಗೆ ಪೂರ್ತಿ ಸಲ್ಲುತ್ತದೆ.

ಅಳತೆಯ ವಿಷಯದಲ್ಲಿ ಒಂದು ಮಾತು: ಪ್ರೋಟೀನನ್ನು ಶುದ್ಧೀಕರಿಸುವ ನಿಕಲ್ ಕಾಲಮಿನ ಇಮಿಡಜೋಲ್ ಉಳಿದಿದ್ದರೆ ಸಿಡಿಯಲ್ಲಿ 215 ನ್ಯಾನೋಮೀಟರಿನ ಕೆಳಗೆ ಡಿಟೆಕ್ಟರ್ ವೋಲ್ಟೇಜ್ ಏರಿ ಸಂಕೇತ ಹಾಳಾಗುತ್ತದೆ. ಕ್ಲೋರೈಡ್ ಇಲ್ಲದ 10 ಮಿಲಿಮೋಲಾರ್ ಫಾಸ್ಫೇಟಿಗೆ ಡಯಾಲಿಸಿಸ್ ಮಾಡಿ, ಒಂದು ಮಿಲಿಮೀಟರ್ ಕುವೆಟ್‌ನಲ್ಲಿ ಬಿಸಿ ಏರಿದಂತೆ 222 ನ್ಯಾನೋಮೀಟರಿನ ಸಂಕೇತವನ್ನು ಹಿಂಬಾಲಿಸಿದೆ. ಕೊನೆಯಲ್ಲಿ ಪ್ರೋಟೀನು ಒಟ್ಟುಗೂಡಿ ಬೀಳುವುದರಿಂದ, 55 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಉಳಿದ ಚಟುವಟಿಕೆಯನ್ನೂ ನೋಡಿದೆ: ಮೂಲದಲ್ಲಿ ಹತ್ತರಲ್ಲೊಂದು ಪಾಲು, ನನ್ನದರಲ್ಲಿ ಮುಕ್ಕಾಲಿನಷ್ಟು.

ನಡುವೆ, ತಿರುವಿನಲ್ಲಿ ಪ್ರೋಲೀನ್ ಏನು ಮಾಡುತ್ತದೆಂದು ನೋಡಲು, ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು ಎರಡು ಚಿಕ್ಕ ಪೆಪ್ಟೈಡ್‌ಗಳನ್ನೂ ತರಿಸಿದ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಲರಾಂ ಅವರ ತಂಡ ಬಳಸಿದ ಡಿ-ಪ್ರೋಲೀನ್–ಗ್ಲೈಸೀನ್ ತಿರುವು (ಡಿ ಎಂದರೆ ಸಹಜ ಎಲ್-ಪ್ರೋಲೀನಿನ ಕನ್ನಡಿ ಪ್ರತಿಬಿಂಬ) ಹಾಕಿದ್ದು ಮೆಥನಾಲಿನಲ್ಲಿ ಹೇರ್‌ಪಿನ್ ಆಗಿ ಮಡಚಿತು. ಎಲ್-ಪ್ರೋಲೀನ್ ಇದ್ದದ್ದು ಮಡಚಲಿಲ್ಲ.

ಲೈಪೇಸ್‌ನಲ್ಲಿ ಒಂದೊಂದು ಪ್ರೋಲೀನೂ ಎರಡು–ಮೂರು ಡಿಗ್ರಿಯಷ್ಟೇ ಕೊಟ್ಟಿತು. ಉಳಿದದ್ದು ಪ್ರೋಲೀನಿನ ಹಿಂದಿನ ರೆಸಿಡ್ಯೂವನ್ನೂ ಬದಲಿಸಿದ್ದರಿಂದ ಬಂತು. ಅದು ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.